ಐದು ಸಾವಿರದ ನಲವತ್ತರ ಮೇಲೊಂದು

ಮೊನ್ನೆ ಬೆಳಿಗ್ಗೆ ಚಿಕ್ಕಪ್ಪನ ಮಗ ಮಂಜು ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ತಳ್ಳಿದ್ದ. ‘ಜಗತ್ತಿನ ಅತ್ಯಂತ ವಿಚಿತ್ರ ಸಂಖ್ಯೆ 2520. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುವುದಿಲ್ಲ. ವಾರದ ಏಳು ದಿನ, ತಿಂಗಳ ಮೂವತ್ತು ದಿನ, ವರ್ಷದ ಹನ್ನೆರಡು ತಿಂಗಳು, ಮೂರನ್ನೂ ಗುಣಿಸಿದರೆ ಬರುವುದೂ ಇದೇ. ತಪ್ಪದೆ ಹತ್ತು ಜನರಿಗೆ ಕಳಿಸಿ.’ ಕೆಳಗೆ ಒಂದು ದೀಪ, ನಾಲ್ಕು ಹೂವು.

ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ಇಂಥದನ್ನು ಕಂಡರೆ ನನಗೆ ಸುಮ್ಮನಿರಲು ಬರುವುದಿಲ್ಲ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಉತ್ತರ ಬರೆದೆ: ‘ಇದರಲ್ಲಿ ವಿಚಿತ್ರ ಏನೂ ಇಲ್ಲ. ಒಂದರಿಂದ ಹತ್ತರವರೆಗಿನ ಸಂಖ್ಯೆಗಳ ಲ.ಸಾ.ಅ. ತೆಗೆದರೆ ಇದು ಬಂದೇ ಬರಬೇಕು. ಸ್ಕೂಲ್ ಮಕ್ಕಳ ಲೆಕ್ಕ.’ ಚಿಕ್ಕಮ್ಮ ಕೈಮುಗಿದ ಚಿತ್ರ ಹಾಕಿದರು. ಅದು ಸಂಖ್ಯೆಗೋ ನನಗೋ ತಿಳಿಯಲಿಲ್ಲ. ಮಂಜು ಮಾತ್ರ ಬಿಡಲಿಲ್ಲ. ‘ಅಕ್ಕ, 2520 ಎರಡು ಸಲ ಬಂದ್ರೆ ಏನಾಗುತ್ತೆ ಅಂತ ನಮಗಿಂತ ನಿಂಗೇ ಚೆನ್ನಾಗಿ ಗೊತ್ತು’ ಎಂದು ಬರೆದ. ಅದರ ಕೆಳಗೆ ಸಾಲಾಗಿ ನಗುವ ಮುಖಗಳು ಬಂದವು. ಎಪ್ಪತ್ತೆಂಟು ವರ್ಷದ ನಮ್ಮಪ್ಪ ಕೂಡ ಒಂದು ಮುಖ ಒತ್ತಿದ್ದರು. ಅವರಿಗೆ ಒತ್ತಲು ಬರುವುದು ಅದೊಂದೇ.

2520 ಎರಡು ಸಲ ಬಂದರೆ 5040. ಗಣಿತ ಬಲ್ಲವರಿಗೆ ಅದೊಂದು ಮುದ್ದಾದ ಸಂಖ್ಯೆ. ನಮ್ಮ ಮನೆಯಲ್ಲಿ ಮಾತ್ರ ಅದರ ಹೆಸರೆತ್ತಿದರೆ ಎಲ್ಲರೂ ನನ್ನ ಮುಖ ನೋಡಿ ನಗುತ್ತಾರೆ. ಯಾಕೆ ಅಂತ ನಿಮಗೆ ಹೇಳಿಬಿಡುತ್ತೇನೆ. ಬೇರೆಯವರ ಬಾಯಲ್ಲಿ ಕೇಳಿದರೆ ಇನ್ನೂ ಉಪ್ಪು ಖಾರ ಸೇರಿರುತ್ತದೆ.

ಮೊದಲು ನನ್ನ ಚಟದ ವಿಷಯ. ಕೆಲವರಿಗೆ ಎಲೆಯಡಿಕೆ, ಕೆಲವರಿಗೆ ಧಾರಾವಾಹಿ. ನನಗೆ ಸಂಖ್ಯೆ ಕಂಡರೆ ಅದನ್ನು ಒಡೆದು ಒಳಗೇನಿದೆ ಎಂದು ನೋಡುವ ಚಟ. ಬಸ್ಸಿನ ಟಿಕೆಟ್, ಕರೆಂಟ್ ಬಿಲ್ಲು, ಮುಂದೆ ಹೋಗುವ ಬೈಕಿನ ನಂಬರು, ಯಾವುದನ್ನೂ ಬಿಟ್ಟವಳಲ್ಲ. ಮೂರರಿಂದ ಹೋಗುತ್ತದೆಯೇ, ಏಳರಿಂದ ಹೋಗುತ್ತದೆಯೇ, ಯಾವುದರಿಂದಲೂ ಹೋಗದ ಅವಿಭಾಜ್ಯವೇ ಎಂದು ಲೆಕ್ಕ ಹಾಕುತ್ತಾ ಇಳಿಯಬೇಕಾದ ಸ್ಟಾಪು ಬಿಟ್ಟು ಕಿಬ್ಬನಹಳ್ಳಿ ಕ್ರಾಸಿನವರೆಗೆ ಹೋದದ್ದುಂಟು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಇದೇ ಆಯಿತು. ಕಾಫಿ ಲೋಟ ಕೊಡುವಾಗ, ಏನಾದರೂ ಮಾತಾಡಬೇಕಲ್ಲ ಎಂದು, ಗಂಡಿನ ಸೋದರಮಾವನಿಗೆ “ನಿಮ್ಮ ಸ್ಕೂಟರ್ ನಂಬರ್ 4409, ಅದು ಅವಿಭಾಜ್ಯ ಸಂಖ್ಯೆ” ಎಂದುಬಿಟ್ಟೆ. ಒಳಗಿನಿಂದ ಅಮ್ಮ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

“ಅಂದ್ರೆ ಕೆಟ್ಟದ್ದೇನಮ್ಮ?” ಎಂದರು ಅವರು, ಲೋಟ ಅಲ್ಲೇ ನಿಲ್ಲಿಸಿ.

“ಇಲ್ಲ ಮಾವ. ಯಾರಿಗೂ ಸಮನಾಗಿ ಪಾಲು ಮಾಡಕ್ಕಾಗಲ್ಲ, ಅಷ್ಟೆ.”

“ಹಂಗಾರೆ ಒಳ್ಳೇದೇ ಬುಡು” ಎಂದು ಅವರು ಕಾಫಿ ಕುಡಿದರು. ಆ ವರ್ಷವಷ್ಟೇ ಅವರ ತೆಂಗಿನ ತೋಟ ನಾಲ್ಕು ಪಾಲಾಗಿತ್ತಂತೆ. ಸಂಬಂಧ ಗಟ್ಟಿಯಾಯಿತು. ನಮ್ಮ ಯಜಮಾನರು ಇವತ್ತಿಗೂ ತಮ್ಮ ಮದುವೆಗೆ ಆ ಸ್ಕೂಟರನ್ನೇ ದೂರುತ್ತಾರೆ.

ಈ ಚಟ ಅಂಟಿದ್ದು ಗೌರತ್ತೆಯಿಂದ. ಅಪ್ಪನ ಅಕ್ಕ. ಕೊಟ್ಟ ಊರು ಹುಳಿಯಾರಿನ ಹತ್ತಿರ. ಓದು ಬರಹ ಇಲ್ಲ, ಆದರೆ ತೆಂಗಿನಕಾಯಿ ಎಣಿಸುವುದರಲ್ಲಿ ಅವರನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಅವರು ಎಣಿಸುವಾಗ ಒಂದು ಎನ್ನುವುದಿಲ್ಲ, ‘ಲಾಭ’ ಎಂದು ಶುರುಮಾಡುತ್ತಾರೆ. ಲಾಭ, ಎರಡು, ಮೂರು. ನಮ್ಮ ಕಡೆ ರಾಶಿ ಅಳೆಯುವ ಹಿರಿಯರೆಲ್ಲ ಹಾಗೆಯೇ. ನಾನು ಮಾತು ಕಲಿತದ್ದೇ ಅವರ ತೊಡೆಯ ಮೇಲೆ ಕೂತು. ಒಂದನೇ ತರಗತಿಯಲ್ಲಿ ಮೇಷ್ಟ್ರು “ಒಂದರಿಂದ ಹತ್ತು ಹೇಳಮ್ಮ” ಎಂದರೆ ನಾನು ಎದ್ದು ನಿಂತು ಗಟ್ಟಿಯಾಗಿ “ಲಾಭ, ಎರಡು, ಮೂರು” ಎಂದೆ. ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಆಮೇಲೆ ಎಷ್ಟೋ ವರ್ಷ ಅವರು ನನ್ನನ್ನು ಕರೆಯುತ್ತಿದ್ದದ್ದೇ ಲಾಭಮ್ಮ ಎಂದು. ಮುಂದೆ ನಾನು ಎಂಎಸ್ಸಿ ಮಾಡಿ ಬಂದಾಗಲೂ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಎದುರಿಗೆ ಹಾಗೆಯೇ ಕರೆದರು.

ಅತ್ತೆಗೆ ಸಮಸಂಖ್ಯೆ, ಬೆಸಸಂಖ್ಯೆ ಎಂಬ ಮಾತುಗಳು ಗೊತ್ತಿಲ್ಲ. ಅವರ ಪ್ರಕಾರ ಲೋಕದ ಸಂಖ್ಯೆಗಳೆಲ್ಲ ಎರಡೇ ಜಾತಿ. ಎಲ್ಲವೂ ಜೊತೆ ಸೇರಿ ಮುಗಿದರೆ ಜೋಡಿ, ಒಂದು ಉಳಿದರೆ ಒಂಟಿ. ನಾನು ಕಾಲೇಜಿನಲ್ಲಿ ಇದನ್ನೇ ಬೋರ್ಡಿನ ತುಂಬಾ ಗ್ರೀಕ್ ಅಕ್ಷರ ಬಳಸಿ ಹೇಳಿಕೊಡುತ್ತೇನೆ.

ಇನ್ನು ನಮ್ಮ ಮನೆ. ತುರುವೇಕೆರೆ ರಸ್ತೆಯ ಒಂದು ಊರಿನಲ್ಲಿ ಉದ್ದನೆಯ ಹೆಂಚಿನ ಮನೆ, ಮೇಲೆ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಅಟ್ಟ. ತೆಂಗಿನಕಾಯಿಯನ್ನು ಸಿಪ್ಪೆ ಸುಲಿಯದೆ ಮಟ್ಟೆಸಮೇತ ಆ ಅಟ್ಟಕ್ಕೆ ಏರಿಸಿದರೆ ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ತಪಸ್ಸು ಮಾಡುತ್ತದೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುವಾಗ ಅದು ಕೊಬ್ಬರಿ. ನಾನು ಪಿಯುಸಿ ಓದುವಾಗ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ಮುರಿದು ಮನೆಯ ನಡುವೆ ಗೋಡೆ ಎದ್ದಿತು. ಆದರೆ ಅಟ್ಟದ ತೊಲೆಗಳು ಆ ಕಡೆಯಿಂದ ಈ ಕಡೆಗೆ ಹಾದಿದ್ದವು. ಅವುಗಳನ್ನು ಕೊಯ್ದರೆ ಇಬ್ಬರ ತಲೆಯ ಮೇಲೂ ಮನೆ ಬೀಳುತ್ತಿತ್ತು. ಹಾಗಾಗಿ ಅಟ್ಟ ಉಳಿಯಿತು. ತೋಟ ಪಾಲು ಮಾಡಲು ಗೌರತ್ತೆ ಒಪ್ಪಲಿಲ್ಲ. “ಗೋಡೆ ಬೇಕಾರೆ ಕಟ್ಕಳಿ. ಮರಗಳು ನಿಮ್ಮ ಜಗಳಕ್ಕೆ ಏನ್ ಮಾಡಿದ್ವು?” ಎಂದರಂತೆ.

ಜಗಳದ ಕಾರಣ ಕೇಳಿದರೆ ನೀವು ನಗುತ್ತೀರಿ. ಚಿಕ್ಕಪ್ಪನ ಮಾವನ ಮನೆಯಲ್ಲಿ ಒಂದು ಮದುವೆ. ಊಟದ ಮೊದಲ ಪಂಕ್ತಿ ತುಂಬಿತ್ತು. ಚಿಕ್ಕಪ್ಪ ಬಂದು, “ಅಣ್ಣಯ್ಯ, ನೀನು ಮನೆಯೋನಲ್ವಾ, ಎರಡನೇ ಪಂಕ್ತೀಲಿ ಕೂತ್ಕೊ” ಎಂದರು. ಅವರು ಹೇಳಿದ್ದು ಸಲಿಗೆಯಿಂದ. ಅಪ್ಪ ಹಾಗೆಂದೇ ಕಾದರು. ಎರಡನೇ ಪಂಕ್ತಿಯ ಹೊತ್ತಿಗೆ ಹೋಳಿಗೆ ಮುಗಿದಿತ್ತು. ಅಪ್ಪ ಬರಿ ಅನ್ನ ಸಾರು ಉಂಡು ಎದ್ದರು, ಮನೆಗೆ ಬರುವವರೆಗೆ ಒಂದು ಮಾತಾಡಲಿಲ್ಲ, ಆಮೇಲೆ ಮೂವತ್ತು ವರ್ಷ ಮಾತಾಡಲಿಲ್ಲ. ಚಿಕ್ಕಪ್ಪನದ್ದೂ ಕಡಿಮೆ ಹಟವಲ್ಲ. ಹೋಳಿಗೆ ಮುಗಿದರೆ ನಾನೇನು ಮಾಡಲಿ ಎಂದು ಅವರೂ ಕೂತರು.

ಆ ಕಾಲದಲ್ಲಿ ನನ್ನ ಕೆಲಸ ಮಾತು ಸಾಗಿಸುವುದು. ಅಣ್ಣತಮ್ಮಂದಿರು ಹಿತ್ತಿಲಲ್ಲಿ ನಾಲ್ಕು ಮಾರು ದೂರದಲ್ಲಿ ನಿಂತಿರುತ್ತಿದ್ದರು. ಅಪ್ಪ ನನ್ನ ಕಡೆ ತಿರುಗಿ, “ವಿಜಿ, ಮೋಟ್ರು ಆಫ್ ಮಾಡ್ಬೇಕಂತೆ ಅಂತ ಹೇಳು” ಎನ್ನುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಮೋಟರು ಆಫ್ ಮಾಡಿ, “ವಿಜಿ, ಆಫ್ ಮಾಡಾಯ್ತು ಅಂತ ಹೇಳು” ಎನ್ನುತ್ತಿದ್ದರು. ನಾನು ಮದುವೆಯಾಗಿ ತಿಪಟೂರಿಗೆ ಬಂದ ಮೇಲೆ ಆ ಕೆಲಸವನ್ನು ನಡುವಿನ ಗೋಡೆ ವಹಿಸಿಕೊಂಡಿತು. ಅಪ್ಪ ಗೋಡೆಗೆ ಹೇಳುತ್ತಿದ್ದರು, ಚಿಕ್ಕಪ್ಪ ಗೋಡೆಗೆ ಉತ್ತರ ಕೊಡುತ್ತಿದ್ದರು.

ವರ್ಷದಲ್ಲಿ ಒಂದೇ ಒಂದು ದಿನ ಇಬ್ಬರೂ ಒಂದು ಚಾಪೆಯ ಮೇಲೆ ಕೂರುತ್ತಿದ್ದರು. ಅದು ಅಟ್ಟ ಇಳಿಸುವ ದಿನ. ಗೌರತ್ತೆ ಹಿಂದಿನ ದಿನವೇ ಹುಳಿಯಾರಿನಿಂದ ಬಸ್ಸು ಹಿಡಿದು, ಕ್ರಾಸಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಬರುತ್ತಿದ್ದರು. ಕಾಯಿಗಳನ್ನು ಸಮನಾಗಿ ಹಂಚಿಕೊಡುವುದು ಅವರದೇ ಕೆಲಸ. ಅದಕ್ಕೆ ಅವರು ಒಂದು ಕಟ್ಟಳೆ ಮಾಡಿದ್ದರು. ಹಂಚಿ ಉಳಿದ ಒಂಟಿ ಕಾಯಿ ಯಾರ ಮನೆಗೂ ಹೋಗಕೂಡದು. ಅಲ್ಲೇ ಸುಲಿದು, ಒಡೆದು, ಕೊಬ್ಬರಿಯನ್ನು ಚೂರು ಮಾಡಿ ಎರಡು ಮನೆಯವರೂ ಒಟ್ಟಿಗೆ ಕೂತು ಬೆಲ್ಲದ ಜೊತೆ ತಿನ್ನಬೇಕು. ಅಕ್ಕಯ್ಯನ ಮಾತು ಮೀರುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕೂರುತ್ತಿದ್ದರು. ನಡುವೆ ಅತ್ತೆ, ಆ ಕಡೆ ಅಪ್ಪ, ಈ ಕಡೆ ಚಿಕ್ಕಪ್ಪ. ಮಾತಿಲ್ಲ, ಬರೀ ಅಗಿಯುವ ಸದ್ದು. ತಿಂದು ಮುಗಿದ ಮೇಲೆ ಅವರವರ ಬಾಗಿಲಿಗೆ ಅವರವರು. ಆದರೂ ಆ ಕಾಲು ಗಂಟೆಗಾಗಿ ನಮ್ಮಮ್ಮ, ಚಿಕ್ಕಮ್ಮ ಇಬ್ಬರೂ ಮೂರು ದಿನ ಮುಂಚಿನಿಂದ ಬೆಲ್ಲ ಆರಿಸಿಡುತ್ತಿದ್ದರು. ಈ ಹೆಂಗಸರಿಗೆ ಯಾವತ್ತೂ ಜಗಳವಿರಲಿಲ್ಲ. ಸಾರು, ಪಲ್ಯ ಗೋಡೆಯ ಮೇಲೆ ಹಾದು ಹೋಗುತ್ತಲೇ ಇದ್ದವು.

ಹೋದ ವರ್ಷ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬಗ್ಗಬಾರದು, ನೆಲದ ಮೇಲೆ ಕೂರಬಾರದು, ಕಣ್ಣಿಗೆ ಆಯಾಸ ಮಾಡಬಾರದು ಎಂದು ಡಾಕ್ಟರು ಹೇಳಿದ್ದರು. ಆದರೂ ಎಂಬತ್ತೆರಡರ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು, ಬಟ್ಟೆಯ ಚೀಲ ಹಿಡಿದು ಬಸ್ಸಿನಲ್ಲಿ ಬಂದೇಬಿಟ್ಟರು. ಎಣಿಸುವ ಕೆಲಸ ಮಾತ್ರ ನನಗೆ ಬಂತು.

“ಈ ಸಲ ನೀನೇ ಎಣ್ಸವ್ವ. ದೊಡ್ಡ ಲೆಕ್ಕ ಕಲ್ತಿದ್ದೀಯಲ್ಲ” ಎಂದರು.

ನಾನು ರಜೆ ಹಾಕಿ ಹೋದೆ. ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಕಾಯಿ ಇಳಿಸಲು ಬಂದಿದ್ದ ಸಿದ್ದಣ್ಣನ ಹತ್ತಿರ, “ನಮ್ಮ ವಿಜಿ ಲೆಕ್ಕದಾಗೆ ಒಂದ್ ದಿನ ತಪ್ಪಿದೋಳಲ್ಲ ಕಣಪ್ಪ. ಮಗೀನಾಗಿಂದ್ಲೂ ಅಷ್ಟೆ” ಎಂದು ಗಟ್ಟಿಯಾಗಿ ಹೇಳಿದರು. ಗಟ್ಟಿಯಾಗಿ ಹೇಳಿದ್ದು ಗೋಡೆಯ ಆಚೆಗೂ ಕೇಳಲಿ ಎಂದು. ಕೇಳಿಸಿತು. ಆಚೆಯಿಂದ ಚಿಕ್ಕಪ್ಪ ಕೆಮ್ಮಿದರು.

ಎಣಿಕೆ ಶುರುವಾಯಿತು. ಒಬ್ಬ ಅಟ್ಟದಿಂದ ಕಾಯಿ ಇಳಿಬಿಡುತ್ತಿದ್ದ. ಕೊಳೆತವನ್ನು ಮಂಜು ಬೇರೆ ಮಾಡುತ್ತಿದ್ದ. ಅಂಗಳದಲ್ಲಿ ಸಿದ್ದಣ್ಣ ಕೈಗೊಂದರಂತೆ ಜೋಡಿ ಎತ್ತಿ, ಬಲಗೈಯದು ಅಪ್ಪನ ರಾಶಿಗೆ, ಎಡಗೈಯದು ಚಿಕ್ಕಪ್ಪನ ರಾಶಿಗೆ ಎಸೆಯುತ್ತಿದ್ದ. ನಾನು ಜೋಡಿ ಎಣಿಸಬೇಕು. ಐವತ್ತು ಜೋಡಿಯಾದರೆ ನೂರು ಕಾಯಿ, ಅತ್ತೆಯ ಪದ್ಧತಿಯಂತೆ ಬಟ್ಟಲಿಗೆ ಒಂದು ಹುಣಸೆಬೀಜ. ನಾನು ಅದರ ಮೇಲೆ ನೋಟ್ ಪುಸ್ತಕದಲ್ಲಿ ಗೀಟು ಬೇರೆ ಎಳೆಯುತ್ತಿದ್ದೆ. ಅತ್ತೆಯ ಬಟ್ಟಲನ್ನು ಅಷ್ಟು ಸುಲಭವಾಗಿ ನಂಬಿದರೆ ನನ್ನ ಎಂಎಸ್ಸಿಗೆ ಏನು ಬೆಲೆ? ಅತ್ತೆ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಕಪ್ಪು ಕನ್ನಡಕದೊಳಗಿಂದ ಎಲ್ಲವನ್ನೂ ನೋಡುತ್ತಿದ್ದರು.

ಮಧ್ಯಾಹ್ನಕ್ಕೆ ಮುಗಿಯಿತು. ಬಟ್ಟಲಿನಲ್ಲಿ ಐವತ್ತು ಬೀಜ, ಮೇಲೆ ಇಪ್ಪತ್ತು ಜೋಡಿ. ಐದು ಸಾವಿರದ ನಲವತ್ತು. ಸಂಖ್ಯೆ ಬಾಯಿಗೆ ಬಂದ ಕೂಡಲೇ ನನಗೆ ರೋಮಾಂಚನವಾಯಿತು. ಗಣಿತದವರು ಈ ಸಂಖ್ಯೆಯನ್ನು ದಾರಿಯಲ್ಲಿ ಕಂಡರೆ ನಿಂತು ಮಾತಾಡಿಸಿಕೊಂಡು ಹೋಗುತ್ತಾರೆ.

ಅಷ್ಟರಲ್ಲಿ ಅತ್ತೆ ಕರೆದರು. “ವಿಜಿ, ಇಲ್ಲೊಂದು ಉಳ್ಕಂಡೈತೆ ನೋಡವ್ವ.”

ಅವರ ಸ್ಟೂಲಿನ ಕಾಲಿನ ಹತ್ತಿರ ಒಂದು ಕಾಯಿ ಬಿದ್ದಿತ್ತು. ಎತ್ತಿಕೊಂಡೆ. ಸಣ್ಣಗೆ, ದುಂಡಗೆ, ಮಟ್ಟೆ ಬಿಗಿಯಾಗಿ ಕರ್ರಗಿತ್ತು. ನಮ್ಮ ತೋಟದ ಕಾಯಿ ಉದ್ದ, ದಪ್ಪ. ಇದು ನೀರು ಕಡಿಮೆ ಇರುವ ಕಡೆಯದು ಎಂದು ನೋಡಿದರೇ ತಿಳಿಯುತ್ತಿತ್ತು. ನನ್ನ ಬುದ್ಧಿ ಚುರುಕಾಯಿತು. ಹಾಳಾದ್ದು, ಆಗಲೇ ಚುರುಕಾಗಬೇಕಿತ್ತೆ?

“ಅತ್ತೆ, ಇದು ನಮ್ಮ ಅಟ್ಟದ್ದಲ್ಲ. ನಿಮ್ಮ ಚೀಲದಿಂದ ಉರುಳಿರಬೇಕು. ಇದನ್ನ ಸೇರಿಸಿದ್ರೆ ಲೆಕ್ಕವೇ ಕೆಟ್ಟುಹೋಗ್ತಿತ್ತು” ಎಂದು ಹೇಳಿ, ಅದನ್ನು ಅವರ ಚೀಲಕ್ಕೆ ಹಾಕಿ, ಮತ್ತೆ ಉರುಳದಿರಲಿ ಎಂದು ಚೀಲದ ಬಾಯಿಗೆ ಗಂಟು ಬೇರೆ ಹಾಕಿದೆ. ತಿಪಟೂರು ಸೀಮೆಗೆ ಬರುವವರು ತೆಂಗಿನಕಾಯಿ ಹೊತ್ತು ತರುತ್ತಾರೆಯೇ ಎಂದು ಮನಸ್ಸಿನಲ್ಲೇ ನಕ್ಕೆ. ಅತ್ತೆ ನನ್ನನ್ನು ನೋಡಿದರು. ಕನ್ನಡಕ ಕಪ್ಪಗಿದ್ದದ್ದರಿಂದ ಹೇಗೆ ನೋಡಿದರು ಎಂದು ತಿಳಿಯಲಿಲ್ಲ.

ನಾನು ಅಂಗಳದ ನಡುವೆ ನಿಂತು ಪಾಠ ಶುರುಮಾಡಿದೆ. ಐದು ಸಾವಿರದ ನಲವತ್ತನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಅರವತ್ತು ಇವೆ. ಒಂದರಿಂದ ಹತ್ತರವರೆಗೆ ಎಷ್ಟು ಜನ ಪಾಲುದಾರರು ಬಂದರೂ ಚೂರೂ ಉಳಿಯದೆ ಹಂಚಬಹುದು. ಒಂದು ಕಾಯಿ ಕಡಿಮೆಯಾಗಿದ್ದರೆ ಅವಿಭಾಜ್ಯ, ಯಾರಿಗೂ ಸಮಪಾಲಿಲ್ಲ. ಒಂದು ಹೆಚ್ಚಾಗಿದ್ದರೆ ಎಪ್ಪತ್ತೊಂದರ ವರ್ಗ, ಎಪ್ಪತ್ತೊಂದು ಸಾಲಿನಲ್ಲಿ ಎಪ್ಪತ್ತೊಂದೆಪ್ಪತ್ತೊಂದು ಕಾಯಿ ಜೋಡಿಸಿ ಚೌಕ ಮಾಡಬಹುದು. ಈಗ ಬಂದಿರುವುದು ಇವೆರಡರ ನಡುವಿನ ರತ್ನ. ಒಂದೊಂದು ಮನೆಗೆ ಎರಡು ಸಾವಿರದ ಐನೂರ ಇಪ್ಪತ್ತು. ಉಳಿದದ್ದು ಸೊನ್ನೆ.

“ಹನ್ನೊಂದಕ್ಕೆ ಹೋಗ್ತದಾ ಅಕ್ಕ?” ಎಂದ ಮಂಜು.

“ಇಲ್ಲ. ಹನ್ನೆರಡಕ್ಕೆ ಹೋಗ್ತದೆ.”

“ಹಂಗಾರೆ ಅದೂ ಅಷ್ಟರಾಗೇ ಐತೆ ಬುಡು.”

ನಾನೊಬ್ಬಳೇ ನಕ್ಕೆ. ಸುತ್ತ ನೋಡಿದರೆ ಯಾರ ಮುಖದಲ್ಲೂ ನಗು ಇಲ್ಲ. ಜಗಲಿಯ ಮೇಲೆ ಚಿಕ್ಕಮ್ಮ ಚಾಪೆ ಹಾಸಿಯಾಗಿತ್ತು. ತಟ್ಟೆಯಲ್ಲಿ ಬೆಲ್ಲದ ತುಂಡುಗಳಿದ್ದವು. ಅಮ್ಮ ತಟ್ಟೆಯನ್ನು ಸೆರಗಿನಿಂದ ಮುಚ್ಚಿದರು. ಅಪ್ಪ ಚಾಪೆಯನ್ನು ಒಂದು ಸಲ ನೋಡಿದರು, ಹೆಗಲ ಮೇಲಿನ ಟವೆಲು ಕೊಡವಿದರು, “ಹಂಗಾರೆ ಆಯ್ತಲ್ಲ” ಎಂದು ಜಗಲಿಯ ಕಂಬಕ್ಕೆ ಹೇಳಿ ತಮ್ಮ ಬಾಗಿಲ ಕಡೆ ತಿರುಗಿದರು. ಚಿಕ್ಕಪ್ಪ ಅದೇ ಕಂಬದ ಇನ್ನೊಂದು ಪಕ್ಕಕ್ಕೆ “ಹೂಂ, ಆಯ್ತು” ಎಂದು ತಮ್ಮ ಬಾಗಿಲ ಕಡೆ ಹೊರಟರು.

ಅತ್ತೆ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ನಾನು ಹಾಕಿದ ಗಂಟಿನ ಮೇಲೆ ಕೈ ಇಟ್ಟುಕೊಂಡಿದ್ದರು. “ಮಂಜ, ಕ್ರಾಸಿಗೆ ಬಸ್ಸು ಎಷ್ಟೊತ್ತಿಗೈತೆ ನೋಡಪ್ಪ” ಎಂದರು. ಪ್ರತಿವರ್ಷ ಎರಡು ದಿನ ಇದ್ದು ಹೋಗುವವರು.

ಆಗ ನನ್ನ ತಲೆಯಲ್ಲಿ ಒಂದು ಲೆಕ್ಕ ತಾನಾಗಿಯೇ ಶುರುವಾಯಿತು. ಮೂವತ್ತು ವರ್ಷ ಅಟ್ಟ ಇಳಿದಿದೆ. ಮೂವತ್ತು ವರ್ಷವೂ ಒಂಟಿ ಕಾಯಿ ಉಳಿದಿದೆ. ಅಟ್ಟದಿಂದ ಇಳಿಯುವ ಕಾಯಿ ಒಂದು ವರ್ಷ ಒಂಟಿಯಾಗಬಹುದು, ಇನ್ನೊಂದು ವರ್ಷ ಜೋಡಿಯಾಗಬಹುದು, ನಾಣ್ಯ ಚಿಮ್ಮಿದ ಹಾಗೆ. ಮೂವತ್ತು ಸಲವೂ ಒಂಟಿಯೇ ಬರಬೇಕೆಂದರೆ ಎರಡನ್ನು ಮೂವತ್ತು ಸಲ ಗುಣಿಸಬೇಕು: ನೂರೇಳು ಕೋಟಿ ಮೂವತ್ತೇಳು ಲಕ್ಷ ನಲವತ್ತೊಂದು ಸಾವಿರದ ಎಂಟುನೂರ ಇಪ್ಪತ್ತನಾಲ್ಕು. ಅಷ್ಟರಲ್ಲಿ ಒಂದು ಸಲ ಆಗಬಹುದಾದ ಸಂಗತಿ. ಈ ಸಂಖ್ಯೆ ನನಗೆ ಬಾಯಿಪಾಠ. ಪ್ರತಿವರ್ಷ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಅದೇ ಸಂಖ್ಯೆ ನಮ್ಮ ಜಗಲಿಯ ಮೇಲೆ ಬೆಲ್ಲ ತಿನ್ನುತ್ತಾ ಮೂವತ್ತು ವರ್ಷ ಕೂತಿದ್ದರೂ ನನಗೆ ಅನುಮಾನ ಬಂದಿರಲಿಲ್ಲ. ದಾರಿಯಲ್ಲಿ ಹೋಗುವ ಬೈಕುಗಳನ್ನೆಲ್ಲ ಒಡೆದು ನೋಡುವವಳು ನಾನು.

ಅತ್ತೆ ಪ್ರತಿವರ್ಷ ಹುಳಿಯಾರಿನಿಂದ ಒಂದು ಕಾಯಿ ಹೊತ್ತು ತರುತ್ತಿದ್ದರು. ಒಂಟಿ ಉಳಿದರೆ ಅದು ಚೀಲದಲ್ಲೇ ಹಿಂದಕ್ಕೆ ಹೋಗುತ್ತಿತ್ತು. ಜೋಡಿಯಾಗಿ ಮುಗಿದರೆ ಹೇಗೋ ರಾಶಿಯ ಪಕ್ಕಕ್ಕೆ ಉರುಳಿ ಬರುತ್ತಿತ್ತು. ತಮ್ಮಂದಿರಿಬ್ಬರನ್ನು ವರ್ಷಕ್ಕೊಂದು ಸಲ ಒಂದು ಚಾಪೆಯ ಮೇಲೆ ಕೂರಿಸಲು ಆ ಅಕ್ಷರ ಬಾರದ ಹೆಂಗಸು ಕಂಡುಕೊಂಡಿದ್ದ ದಾರಿ ಅದು. ಅದಕ್ಕೆ ನಾನು ಗಂಟು ಹಾಕಿದ್ದೆ. ನನಗೆ ನಿಜವಾಗಿಯೂ ಅಳು ಬಂತು. ಅಳುತ್ತಾ ಕೂತರೆ ಎರಡು ಬಾಗಿಲೂ ಮುಚ್ಚಿಕೊಳ್ಳುತ್ತಿದ್ದವು.

ಆ ಕಾಯಿಯನ್ನು ಅತ್ತೆ ಬೇಕೆಂದೇ ತಂದದ್ದೆಂದು ಬಾಯಿಬಿಟ್ಟು ಹೇಳಿದರೆ ಅವರ ಗುಟ್ಟು ರಟ್ಟು. ಉಳಿದಿದ್ದ ದಾರಿ ಒಂದೇ. ಆದರೆ ಆ ಮಾತು ನನ್ನ ಗಂಟಲಿನಿಂದ ಹೊರಡಲು ಎಷ್ಟು ಕಷ್ಟಪಟ್ಟಿತು ಎಂದು ನ್ಯಾಯವಾಗಿ ಹೇಳಬೇಕು. ಹುಟ್ಟಿದಾಗಿನಿಂದ ನನಗಿರುವ ಆಸ್ತಿ ಅದೊಂದೇ, ಲೆಕ್ಕ ತಪ್ಪುವವಳಲ್ಲ ಎಂಬ ಹೆಸರು.

“ಅಪ್ಪ, ಚಿಕ್ಕಪ್ಪ, ನಿಂತ್ಕಳಿ” ಎಂದೆ. “ನನ್ನ ಲೆಕ್ಕ ತಪ್ಪಿದೆ.”

ಅಪ್ಪನ ಒಂದು ಕಾಲು ಹೊಸ್ತಿಲ ಒಳಗಿತ್ತು. ಹಾಗೆಯೇ ತಿರುಗಿದರು. “ಯಾರ್ದು?”

“ನಂದು. ಮಾತಾಡ್ತಾ ಎಣಿಸಿಬಿಟ್ಟೆ. ಅತ್ತೆ ತೋರಿಸಿದ್ದು ನಮ್ಮ ಅಟ್ಟದ್ದೇ. ಒಂದು ಉಳಿದಿದೆ.”

ಸಿದ್ದಣ್ಣ ಬಾಯಿ ತೆರೆದ. “ಅಲ್ಲ ಕಣಕ್ಕ, ನಾನು ಸರಿಯಾಗೇ...” ಎಂದವನು ನನ್ನ ಮುಖ ನೋಡಿ ಬೀಡಿ ಹುಡುಕಿಕೊಂಡು ಹಿತ್ತಿಲಿಗೆ ಹೋದ.

ಆಮೇಲೆ ಚಿಕ್ಕಪ್ಪನ ಮುಖ ನಿಧಾನವಾಗಿ ಅರಳಿತು. ಇಂಥ ದಿನಕ್ಕಾಗಿ ಅವರು ಬಹಳ ಕಾಲ ಕಾದಿದ್ದರು ಎಂದು ಕಾಣುತ್ತದೆ. “ಎಂಎಸ್ಸಿ ಮಾಡಿದೋಳು ಐದು ಸಾವಿರ ಕಾಯಿ ಎಣಿಸಕ್ಕಾಗ್ನಿಲ್ಲ” ಎಂದರು, ಕಂಬಕ್ಕೆ.

ನಮ್ಮಪ್ಪ ನನ್ನ ಪರ ಮಾತಾಡುತ್ತಾರೆ ಎಂದು ಕಾದೆ. “ಅದ್ಯೇನ್ ಪಾಠ ಮಾಡ್ತಾಳೋ ಕಾಲೇಜಿನಾಗೆ” ಎಂದರು ಅಪ್ಪ. ಅವರೂ ಕಂಬಕ್ಕೇ ಹೇಳಿದ್ದು, ಆದರೆ ಹೊಸ್ತಿಲಿನಿಂದ ಕಾಲು ತೆಗೆದು ಎರಡು ಹೆಜ್ಜೆ ಮುಂದೆ ಬಂದಿದ್ದರು.

“ಆ ಮಕ್ಕಳು ಪಾಸಾಗೋದು ಹೆಂಗೆ ಅಂತೀನಿ.”

“ಅವು ಟ್ಯೂಷನ್ನಿಗೆ ಹೋಗ್ತವೆ ಕಣ್ಲಾ.”

ಆ ‘ಕಣ್ಲಾ’ ಕಂಬಕ್ಕೆ ಹೇಳಿದ್ದಲ್ಲ. ಜಗಲಿಯ ಮೇಲೆ ಅಮ್ಮ ಬೆಲ್ಲದ ತಟ್ಟೆಯ ಮೇಲಿನ ಸೆರಗು ಸರಿಸಿದರು. ನಾನು ಅತ್ತೆಯ ಚೀಲದ ಗಂಟು ಬಿಚ್ಚಿದೆ. ಬಿಗಿಯಾಗಿ ಹಾಕಿದ್ದೆ, ಹಲ್ಲಿನಿಂದ ಬಿಚ್ಚಬೇಕಾಯಿತು.

ಏಳು ಜನ ಒಂದು ಸಾಲಿನಲ್ಲಿ ಎಷ್ಟು ರೀತಿ ಕೂರಬಹುದು ಗೊತ್ತೇ? ಐದು ಸಾವಿರದ ನಲವತ್ತು ರೀತಿ. ಸತ್ಯವಾಗಿಯೂ. ಲೆಕ್ಕ ಹಾಕಿ ನೋಡಿ. ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅತ್ತೆ, ಮಂಜು, ನಾನು, ನಾವು ಸರಿಯಾಗಿ ಏಳು ಜನ. ಅದರಲ್ಲಿ ಅತ್ತೆ ಇಬ್ಬರು ತಮ್ಮಂದಿರ ನಟ್ಟನಡುವೆ ಕೂರುವ ರೀತಿಗಳು ಬರೀ ಇನ್ನೂರನಲವತ್ತು. ನಾವು ಮೂವತ್ತು ವರ್ಷ ಆ ಇನ್ನೂರನಲವತ್ತನ್ನು ಬಿಟ್ಟು ಆಚೆ ಹೋಗಿರಲಿಲ್ಲ. ಆ ದಿನ ಅತ್ತೆ ನೆಲದ ಮೇಲೆ ಕೂರುವಂತಿರಲಿಲ್ಲ. ಅವರ ಸ್ಟೂಲನ್ನು ಸಾಲಿನ ಕೊನೆಗೆ ಹಾಕಿದೆವು. ನಾನು, ಅಮ್ಮ, ಚಿಕ್ಕಮ್ಮ, ಮಂಜು ಬೇಗಬೇಗ ಕೂತುಬಿಟ್ಟೆವು. ನಾವು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಆದರೆ ಉಳಿದದ್ದು ಎರಡೇ ಜಾಗ, ಪಕ್ಕಪಕ್ಕದಲ್ಲಿ. ಅಪ್ಪ ಆ ಜಾಗವನ್ನು ನೋಡಿದರು. ಚಿಕ್ಕಪ್ಪನೂ ನೋಡಿದರು. ನಿಂತೇ ಇರುವುದಕ್ಕೆ ಅಪ್ಪನ ಮಂಡಿ ಬಿಡುವುದಿಲ್ಲ. ಕೂತರು. ಚಿಕ್ಕಪ್ಪನೂ ಕೂತರು. ಪಕ್ಕಪಕ್ಕ ಕೂರುವ ರೀತಿಗಳು ಸಾವಿರದ ನಾನೂರ ನಲವತ್ತು ಇವೆ. ಇದು ಅದರಲ್ಲೊಂದು.

ಮಂಜು ಕಾಯಿ ಸುಲಿದು ಚಿಪ್ಪು ಒಡೆದ. ಸಣ್ಣ ಗುಂಡು ಕೊಬ್ಬರಿ, ಬೆಳ್ಳಗೆ ಗಟ್ಟಿಯಾಗಿತ್ತು. ಅಮ್ಮ ಏಳು ಚೂರು ಮಾಡಿ ಬೆಲ್ಲದ ಜೊತೆ ಹಂಚಿದರು. ನಾವೆಲ್ಲ ಅಗಿದೆವು. ಚಿಕ್ಕಪ್ಪ ಒಂದು ತುಣುಕು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

“ಅಣ್ಣಯ್ಯ” ಎಂದರು. ಮೂವತ್ತು ವರ್ಷದಲ್ಲಿ ನಾನು ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. “ಇದು ಹುಳಿಯಾರ್ ಕಾಯಿ ಕಣೋ.”

ನನ್ನ ಬಾಯಲ್ಲಿದ್ದ ಕೊಬ್ಬರಿ ಹಾಗೆಯೇ ನಿಂತಿತು. ಅಪ್ಪ ತಲೆ ಎತ್ತಲಿಲ್ಲ. ಬೆಲ್ಲದ ತುಂಡನ್ನು ಕಚ್ಚಿ, ಉಳಿದರ್ಧವನ್ನು ತಮ್ಮನ ತಟ್ಟೆಗೆ ಹಾಕಿದರು.

“ನಂಗೊತ್ತಿಲ್ವೇನ್ಲಾ? ಜೋಡಿ ಬಂದ ವರ್ಷ ಎಲ್ಲಾ ಇದೇ ತಾನೇ ತಿಂದಿರೋದು.”

ಸ್ಟೂಲಿನ ಮೇಲಿದ್ದ ಅತ್ತೆ ಕಪ್ಪು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. “ಗೊತ್ತಿದ್ದೂ ಒಂದ್ ದಿನಾನಾದ್ರೂ ಬಾಯ್ಬಿಟ್ಟು ಹೇಳ್ನಿಲ್ವಲ್ರೋ.”

“ಹೇಳಿದ್ರೆ” ಎಂದರು ಅಪ್ಪ, “ನೀನು ಮುಂದಿನ ವರ್ಷ ತರ್ತಿದ್ಯಾ ಅಕ್ಕಯ್ಯ?”